ಬಾಗಿಲು ತೆರೆದ ಅಪರಿಚಿತ: ಡೇಟಿಂಗ್ ಭಯದ ಸಿನಿಮಾಗಳು ನಮ್ಮನ್ನು ಹೆದರಿಸುವ ಬಗೆ

ಡೆಟ್ರಾಯಿಟ್ ನಗರದ ಪಾಳುಬಿದ್ದ ಒಂದು ಬಡಾವಣೆ. ರಾತ್ರಿ ಹೊತ್ತು, ಜೋರು ಮಳೆ. ಕೆಲಸದ ಸಂದರ್ಶನಕ್ಕೆಂದು ಊರಿಗೆ ಬಂದ ಟೆಸ್ ತಾನು ಏರ್‌ಬಿಎನ್‌ಬಿಯಲ್ಲಿ ಬುಕ್ ಮಾಡಿದ ಮನೆಯ ಮುಂದೆ ನಿಂತಿದ್ದಾಳೆ. ಕೀಲಿ ಇಡುವ ಪೆಟ್ಟಿಗೆಯಲ್ಲಿ ಕೀಲಿ ಇಲ್ಲ. ಬಾಗಿಲು ಬಡಿದರೆ ನಿದ್ದೆಗಣ್ಣಿನ ಗಂಡಸೊಬ್ಬ ತೆಗೆಯುತ್ತಾನೆ. ಅದೇ ಮನೆಯನ್ನು ಅದೇ ರಾತ್ರಿಗೆ ಅವನೂ ಬುಕ್ ಮಾಡಿದ್ದಾನಂತೆ. ಒಳಗೆ ಬನ್ನಿ, ಮಳೆಯಲ್ಲಿ ಯಾಕೆ ನಿಲ್ಲುತ್ತೀರಿ ಎನ್ನುತ್ತಾನೆ.

ಝ್ಯಾಕ್ ಕ್ರೆಗ್ಗರ್ ನಿರ್ದೇಶಿಸಿದ 'ಬಾರ್ಬೇರಿಯನ್' (2022) ಶುರುವಾಗುವುದು ಹೀಗೆ. ಹೆಸರಿಗೆ ಇದು ಡೇಟಿಂಗ್ ಸಿನಿಮಾ ಅಲ್ಲ. ಆದರೆ ಅದರ ಮೊದಲ ಭಾಗ ಪೂರ್ತಿ ಒಂದು ಮೊದಲ ಭೇಟಿಯ ಹಾಗೆಯೇ ಸಾಗುತ್ತದೆ. ಇಬ್ಬರು ಅಪರಿಚಿತರು, ಒಂದು ಬಾಟಲಿ ವೈನ್, ನಿಧಾನಕ್ಕೆ ಸಲೀಸಾಗುವ ಮಾತು. ಅವನು ಮಾಡಿಕೊಟ್ಟ ಟೀಯನ್ನು ಅವಳು ಕುಡಿಯುವುದಿಲ್ಲ. ಅವನ ಗುರುತಿನ ಚೀಟಿಯ ಫೋಟೊ ತೆಗೆದುಕೊಳ್ಳುತ್ತಾಳೆ. ಇದು ಅವನಿಗೂ ಗೊತ್ತಾಗಿ, ವೈನ್ ಬಾಟಲಿಯನ್ನು ಅವಳ ಕಣ್ಣೆದುರೇ ತೆರೆಯುತ್ತಾನೆ. ಒಬ್ಬ ಒಳ್ಳೆಯ ಗಂಡಸು ತಾನು ಒಳ್ಳೆಯವನೆಂದು ತೋರಿಸಿಕೊಳ್ಳಲು ಏನೇನು ಮಾಡುತ್ತಾನೋ ಅದನ್ನೆಲ್ಲ ಒಬ್ಬ ಕೊಲೆಗಾರನೂ ಮಾಡಬಲ್ಲ. ನೋಡುವ ನಮಗೆ ಎದೆ ಬಿಗಿಯುವುದು ಅಲ್ಲಿ. ಆ ಪಾತ್ರ ಮಾಡಿದ ಬಿಲ್ ಸ್ಕಾರ್ಸ್‌ಗಾರ್ಡ್ 2017ರ 'ಇಟ್' ಸಿನಿಮಾದಲ್ಲಿ ಮಕ್ಕಳನ್ನು ತಿನ್ನುವ ಕೋಡಂಗಿಯಾಗಿದ್ದವನು. ಅವನ ಮುಖ ಕಂಡರೇ ಪ್ರೇಕ್ಷಕರಿಗೆ ಅನುಮಾನ ಹುಟ್ಟಲಿ ಎಂದೇ ನಿರ್ದೇಶಕ ಅವನನ್ನು ಅಲ್ಲಿ ತಂದು ಕೂರಿಸಿದಂತಿದೆ.

ಕಳೆದ ಹತ್ತು ವರ್ಷಗಳಲ್ಲಿ ಇಂಥ ಸಿನಿಮಾಗಳ ಒಂದು ಸಾಲೇ ಬಂದಿದೆ. ಇವುಗಳಲ್ಲಿ ದೆವ್ವವಿಲ್ಲ, ಶಾಪವಿಲ್ಲ. ಇರುವುದು ಒಬ್ಬಳು ಹುಡುಗಿ, ಒಬ್ಬ ಹುಡುಗ, ಒಂದು ಊಟದ ಮೇಜು. ಅಷ್ಟರಲ್ಲೇ ಇಷ್ಟೊಂದು ಭಯ ಹೇಗೆ ಹುಟ್ಟುತ್ತದೆ ಎಂಬುದನ್ನು ಬಿಡಿಸಿ ನೋಡುವುದು ನನ್ನ ಉದ್ದೇಶ. ಕಥೆಗಳ ಗುಟ್ಟು ಬಿಟ್ಟುಕೊಡದೆ ಇದನ್ನು ವಿವರಿಸಲು ಆಗದು. ಇವನ್ನು ಇನ್ನೂ ನೋಡಿಲ್ಲದವರು ಅದನ್ನು ತಿಳಿದೇ ಮುಂದೆ ಓದಬೇಕು.

'ಬಾರ್ಬೇರಿಯನ್' ಹುಟ್ಟಿದ್ದು ಒಂದು ಪುಸ್ತಕದಿಂದ. ಗೇವಿನ್ ಡಿ ಬೆಕರ್ ಎಂಬ ಭದ್ರತಾ ತಜ್ಞ 1997ರಲ್ಲಿ ಬರೆದ 'ದಿ ಗಿಫ್ಟ್ ಆಫ್ ಫಿಯರ್' ಓದಿದ ಕ್ರೆಗ್ಗರ್, ಒಂದೇ ದೃಶ್ಯದಲ್ಲಿ ಎಷ್ಟು ಸಣ್ಣ ಸಣ್ಣ ಅಪಾಯದ ಸೂಚನೆಗಳನ್ನು ತುಂಬಬಹುದು ಎಂದು ಬರೆದು ನೋಡಲು ಕುಳಿತರಂತೆ. ಹಿಂಸೆಗೆ ಇಳಿಯುವವರು ಅದಕ್ಕೂ ಮುಂಚೆ ಯಾವ ಮಾತು, ಯಾವ ನಡವಳಿಕೆಯಿಂದ ಹತ್ತಿರ ಬರುತ್ತಾರೆ ಎಂಬುದನ್ನು ಆ ಪುಸ್ತಕ ಬಿಡಿಸಿಡುತ್ತದೆ. ಮೊದಲ ಪರಿಚಯದಲ್ಲೇ 'ನಾವಿಬ್ಬರೂ' ಎಂದು ಮಾತಾಡಿ ಇಲ್ಲದ ಜೋಡಿಯನ್ನು ಕಟ್ಟುವುದು. ಕೇಳದ ಸಹಾಯ ಮಾಡಿ ಋಣದಲ್ಲಿ ಕೂರಿಸುವುದು. ಬೇಡದ ವಿವರಗಳನ್ನೆಲ್ಲ ಹೇಳಿ ನಂಬಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ, 'ಬೇಡ' ಎಂದದ್ದನ್ನು ಕೇಳಿಸಿಕೊಳ್ಳದೆ ಇರುವುದು. ಡಿ ಬೆಕರ್ ಹೇಳುವ ಮುಖ್ಯ ಸಂಗತಿ ಬೇರೆಯೇ ಇದೆ. ಹೆಚ್ಚಿನವರಿಗೆ ಒಳಗೊಳಗೇ ಅಪಾಯ ತಿಳಿದಿರುತ್ತದೆ, ಆದರೆ ಅದನ್ನು ನಂಬಲು ಸಂಕೋಚ ಅಡ್ಡ ಬರುತ್ತದೆ ಎನ್ನುತ್ತಾರೆ ಅವರು.

ನನ್ನ ಪ್ರಕಾರ ಈ ಬಗೆಯ ಸಿನಿಮಾಗಳ ಹೂರಣ ಇದೇ. ಇವು ರಾಕ್ಷಸರ ಕಥೆಗಳು ಅನ್ನುವುದಕ್ಕಿಂತ ದಾಕ್ಷಿಣ್ಯದ ಕಥೆಗಳು. ಹೊಟ್ಟೆಯೊಳಗೆ ಏನೋ ತಳಮಳ, ಆದರೆ ಎದ್ದು ಹೋದರೆ ಎದುರಿನವನು ಏನೆಂದುಕೊಳ್ಳುತ್ತಾನೋ ಎಂಬ ಹಿಂಜರಿಕೆ. ಭಯ ಒಂದು ಕಡೆ ಎಳೆಯುತ್ತದೆ, ಮರ್ಯಾದೆ ಇನ್ನೊಂದು ಕಡೆ. ನಗುನಗುತ್ತಾ ಎಲ್ಲರಿಗೂ ಹೊಂದಿಕೊಂಡು ಹೋಗಬೇಕು ಎಂದು ಬೆಳೆಸಿದ ಹುಡುಗಿಯರಿಗೆ ಈ ಎಳೆದಾಟ ಯಾರೂ ಹೇಳಿಕೊಡಬೇಕಾದ್ದಲ್ಲ.

ಈ ಭಯ ಹೊಸದಲ್ಲ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ನೀಲಿಗಡ್ಡದವನ ಕಥೆಯಲ್ಲಿ ಶ್ರೀಮಂತನೊಬ್ಬನ ಹಿಂದಿನ ಹೆಂಡತಿಯರೆಲ್ಲ ಏನಾದರೆಂದು ಯಾರಿಗೂ ಗೊತ್ತಿಲ್ಲ. ಹೊಸ ಹೆಂಡತಿಗೆ ಮನೆಯ ಕೀಲಿಕೈಗಳನ್ನೆಲ್ಲ ಕೊಟ್ಟು, ಒಂದು ಕೋಣೆ ಮಾತ್ರ ತೆರೆಯಬೇಡ ಎನ್ನುತ್ತಾನೆ. ನಮ್ಮ ಪಕ್ಕದ ತಮಿಳು ನೆಲದಲ್ಲಿ ಇದಕ್ಕಿಂತ ಚುರುಕಾದ ಕಥೆಯಿದೆ. ನಟೇಶ ಶಾಸ್ತ್ರಿಗಳು ಸಂಗ್ರಹಿಸಿದ ಈ ಜನಪದ ಕಥೆ 1890ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಚೆಲುವ ಹುಡುಗರನ್ನು ಕಂಡಾಗಲೆಲ್ಲ ಮನಸೋಲುವ ಹುಡುಗಿಯೊಬ್ಬಳ ಸುದ್ದಿ ಕೇಳಿಸಿಕೊಂಡ ಹುಲಿಯೊಂದು ಚೆಲುವ ವಿದ್ವಾಂಸನ ವೇಷ ಹಾಕಿಕೊಂಡು ಬರುತ್ತದೆ. ಮನೆಯವರು ಮೆಚ್ಚುತ್ತಾರೆ, ಮದುವೆ ಆಗುತ್ತದೆ. ಕಾಡಿನ ದಾರಿಯಲ್ಲಿ ಅವಳು ಏನು ಕೇಳಿದರೂ ಒಂದೇ ಉತ್ತರ: ಸುಮ್ಮನಿರು, ಇಲ್ಲದಿದ್ದರೆ ನನ್ನ ನಿಜರೂಪ ತೋರಿಸಬೇಕಾಗುತ್ತದೆ. ಕೊನೆಗೆ ಅವಳು ಓಲೆ ಬರೆದು ಕಾಗೆಯ ಕೊರಳಿಗೆ ಕಟ್ಟಿ ಕಳಿಸುತ್ತಾಳೆ, ಮೂವರು ಅಣ್ಣಂದಿರು ಬಂದು ಬಿಡಿಸುತ್ತಾರೆ.

ಈ ಕಥೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆ್ಯಪ್‌ನಲ್ಲಿ ಸಿಕ್ಕವರನ್ನು ನಂಬಿದರೆ ಹೀಗೇ ಆಗುವುದು, ಹಿಂದೆ ಹಿರಿಯರು ಮನೆತನ ವಿಚಾರಿಸಿ, ನಾಲ್ಕು ಜನರನ್ನು ಕೇಳಿ ಸಂಬಂಧ ಮಾಡುತ್ತಿದ್ದರು, ಆಗ ಇದೆಲ್ಲ ಇರಲಿಲ್ಲ ಎಂಬ ಮಾತು ನಮ್ಮಲ್ಲಿ ಬೇಗ ಬರುತ್ತದೆ. ಆದರೆ ಹುಲಿಯನ್ನು ಮನೆಗೆ ಕರೆತಂದು ಒಪ್ಪಿದ್ದು ಅದೇ ಹಿರಿಯರು. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಹುಲಿಯ ಬಳಿ ಸರಿಯಾದ ಉತ್ತರವಿತ್ತು.

ಇಪ್ಪತ್ತನೆಯ ಶತಮಾನದ ಅಮೆರಿಕನ್ ಸಿನಿಮಾ ಈ ಭಯವನ್ನು ತಿರುಗಿಸಿ ಹಿಡಿಯಿತು. 'ಪ್ಲೇ ಮಿಸ್ಟಿ ಫಾರ್ ಮಿ' (1971), 'ಫೇಟಲ್ ಅಟ್ರ್ಯಾಕ್ಷನ್' (1987) ಎರಡರಲ್ಲೂ ಅಪಾಯ ಬರುವುದು ಹೆಂಗಸಿನಿಂದ. ಒಂದು ರಾತ್ರಿಯ ಸಂಬಂಧವನ್ನು ಅಲ್ಲಿಗೇ ಬಿಡಲೊಪ್ಪದ ಹೆಂಗಸು ಗಂಡಸಿನ ಬದುಕಿಗೆ ನುಗ್ಗುತ್ತಾಳೆ. ಇವು ಚೆನ್ನಾಗಿ ಮಾಡಿದ ಸಿನಿಮಾಗಳೇ, ಆದರೆ ಯಾರ ನಿದ್ದೆ ಕೆಡುತ್ತಿದೆ ಎಂಬುದು ಸ್ಪಷ್ಟ.

ಆ ಕಾಲಕ್ಕೂ ಈಗಿನ ಕಾಲಕ್ಕೂ ನಡುವೆ ನಿಂತಿರುವುದು ಜಪಾನಿನ ತಕಾಶಿ ಮಿಕೆ ನಿರ್ದೇಶಿಸಿದ 'ಆಡಿಷನ್' (1999). ರ್ಯೂ ಮುರಕಾಮಿಯ ಕಾದಂಬರಿ ಇದರ ಮೂಲ. ಹೆಂಡತಿ ತೀರಿಕೊಂಡು ವರ್ಷಗಳಾದ ಅಒಯಾಮನಿಗೆ ಮತ್ತೆ ಮದುವೆಯಾಗು ಎಂದು ಮಗನೇ ಹೇಳುತ್ತಾನೆ. ಸಿನಿಮಾ ರಂಗದ ಗೆಳೆಯ ಒಂದು ಉಪಾಯ ಹೂಡುತ್ತಾನೆ. ಒಂದು ಸಿನಿಮಾಕ್ಕೆ ನಾಯಕಿ ಬೇಕೆಂದು ಆಡಿಷನ್ ಕರೆಯೋಣ, ಬಂದ ಹುಡುಗಿಯರಲ್ಲಿ ನಿನಗೆ ಹಿಡಿಸಿದವಳನ್ನು ಆರಿಸಿಕೋ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುರ್ಚಿಯಲ್ಲಿ ಕೂತು, ತಮ್ಮ ಬದುಕಿನ ಖಾಸಗಿ ಮಾತುಗಳನ್ನೆಲ್ಲ ಈ ಇಬ್ಬರು ಗಂಡಸರ ಮುಂದೆ ಹೇಳುತ್ತಾರೆ. ಅಸಾಮಿ ಎಂಬ ಮೆಲುದನಿಯ ಹುಡುಗಿಯ ಅರ್ಜಿಯನ್ನು ಓದಿದಾಗಲೇ ಅಒಯಾಮ ಸೋತಿದ್ದಾನೆ. ಅವಳು ಕೊಟ್ಟ ಪರಿಚಯದವರ ಹೆಸರುಗಳನ್ನು ಗೆಳೆಯ ವಿಚಾರಿಸಿದರೆ ಒಬ್ಬರೂ ಸಿಗುವುದಿಲ್ಲ. ಹುಷಾರು ಎನ್ನುತ್ತಾನೆ. ಇವನು ಕೇಳುವುದಿಲ್ಲ.

ಅರ್ಧ ಸಿನಿಮಾ ಒಂದು ಸೌಮ್ಯವಾದ ಸಂಸಾರದ ಕಥೆಯ ಹಾಗೆ ನಡೆಯುತ್ತದೆ. ನಡುವೆ ಒಂದು ದೃಶ್ಯ ಬರುತ್ತದೆ. ಖಾಲಿ ಕೋಣೆ, ನೆಲದ ಮೇಲೆ ತಲೆ ಬಗ್ಗಿಸಿ ಕೂತ ಅಸಾಮಿ, ಮುಂದೆ ಫೋನು, ಹಿಂದೆ ಕಟ್ಟಿದ ಒಂದು ದೊಡ್ಡ ಮೂಟೆ. ಅವನ ಕರೆಗಾಗಿ ಅವಳು ಹಾಗೇ ಕೂತಿದ್ದಾಳೆ. ಫೋನ್ ರಿಂಗಾಗುತ್ತದೆ. ಮೂಟೆ ಸಟ್ಟನೆ ಹೊರಳುತ್ತದೆ. ಹಾರರ್ ಸಿನಿಮಾದಲ್ಲಿ ಇದಕ್ಕಿಂತ ಭಯಂಕರವಾದ ಫೋನ್ ಕರೆ ನಾನು ನೋಡಿಲ್ಲ. ಕೊನೆಯಲ್ಲಿ ಅಸಾಮಿ ಮಾಡುವುದು ಘೋರ. ಆದರೆ ಮೊದಲ ಸುಳ್ಳು ಹೇಳಿದ್ದು ಅವಳಲ್ಲ, ಹೆಂಗಸರನ್ನು ಸಾಲಾಗಿ ಕೂರಿಸಿ ಆರಿಸಿಕೊಂಡ ಆ ಒಳ್ಳೆಯ ಮನುಷ್ಯ. ಟಿಂಡರ್ ಎಂಬ ಡೇಟಿಂಗ್ ಆ್ಯಪ್ ಶುರುವಾಗಿದ್ದು 2012ರಲ್ಲಿ. ಅದಕ್ಕೂ ಹದಿಮೂರು ವರ್ಷ ಮೊದಲೇ ಈ ಸಿನಿಮಾ ಒಬ್ಬ ಗಂಡಸು ಅರ್ಜಿಗಳನ್ನು ಮಗುಚುತ್ತಾ ಸಂಗಾತಿ ಹುಡುಕುವುದನ್ನು ತೋರಿಸಿತ್ತು.

ಆ್ಯಪ್‌ಗಳು ಬಂದ ಮೇಲೆ ಬದಲಾದದ್ದು ಇಷ್ಟು: ಪರಿಚಯಕ್ಕೂ ಭೇಟಿಗೂ ನಡುವೆ ಮೂರನೆಯವರು ಯಾರೂ ಇಲ್ಲ. ಸಹೋದ್ಯೋಗಿಯೋ, ಗೆಳತಿಯ ಅಣ್ಣನೋ ಆಗಿದ್ದರೆ ಅವನ ಬಗ್ಗೆ ಕೇಳಲು ಒಬ್ಬರಾದರೂ ಇರುತ್ತಿದ್ದರು. ಈಗ ಇರುವುದು ಅವನೇ ಬರೆದ ನಾಲ್ಕು ಸಾಲು, ಅವನೇ ಆರಿಸಿದ ಆರು ಫೋಟೊ. ಈ ಖಾಲಿ ಜಾಗದಲ್ಲಿ ಹುಟ್ಟಿದ ಸಿನಿಮಾಗಳಲ್ಲಿ ಅತ್ಯಂತ ಜಾಣತನದ್ದು ಮಿಮಿ ಕೇವ್ ನಿರ್ದೇಶನದ, ಲಾರಿನ್ ಕಾನ್ ಬರೆದ 'ಫ್ರೆಶ್' (2022).

ನೋವಾ ಎಂಬ ಹುಡುಗಿ ಆ್ಯಪ್‌ನಲ್ಲಿ ಸಿಕ್ಕ ಚಾಡ್ ಎಂಬವನ ಜೊತೆ ಊಟಕ್ಕೆ ಕೂತಿರುವಲ್ಲಿಂದ ಅದು ಶುರು. ಈಗಿನ ಹುಡುಗಿಯರು ಹಿಂದಿನವರ ಹಾಗೆ ಚೆಂದವಾಗಿ ಉಡುವುದಿಲ್ಲ ಎಂದು ಅವನು ಕೊರೆಯುತ್ತಾನೆ. ನೋವಾ ನಗುತ್ತಾ ಸಹಿಸುತ್ತಾಳೆ. ಇಂಥವರಿಂದ ಬೇಸತ್ತಿದ್ದಾಗ ಸೂಪರ್ ಮಾರ್ಕೆಟ್‌ನಲ್ಲಿ ಸ್ಟೀವ್ ಸಿಗುತ್ತಾನೆ. ದ್ರಾಕ್ಷಿ ರುಚಿ ನೋಡಿ ಎಂದು ಮಾತಿಗೆ ಬರುತ್ತಾನೆ. ಡಾಕ್ಟರ್, ನಗುಮುಖ, ತಮಾಷೆಯ ಮಾತು. ಆ್ಯಪ್‌ನ ಕೊಳೆ ಅಂಟದ, ಹಳೆಯ ಕಾಲದ ಪ್ರೇಮದಂಥ ಪರಿಚಯ. ಅವನಿಗೆ ಇನ್‌ಸ್ಟಾಗ್ರಾಮ್ ಖಾತೆ ಇಲ್ಲ ಎಂದಾಗ ಗೆಳತಿ ಮಾಲಿಗೆ ಅನುಮಾನ ಬರುತ್ತದೆ, ನೋವಾಗೆ ಅದೂ ಚೆಂದವೇ ಅನ್ನಿಸುತ್ತದೆ. ಇಬ್ಬರೂ ಪ್ರವಾಸ ಹೊರಡುತ್ತಾರೆ, ದಾರಿಯಲ್ಲಿ ಅವನ ಮನೆಯಲ್ಲಿ ಒಂದು ರಾತ್ರಿ ತಂಗುತ್ತಾರೆ, ಅವನು ಬೆರೆಸಿಕೊಟ್ಟ ಪಾನೀಯ ಕುಡಿದು ಅವಳು ಕುಸಿಯುತ್ತಾಳೆ. ಸಿನಿಮಾದ ಹೆಸರು, ಕಲಾವಿದರ ಹೆಸರು ಪರದೆಯ ಮೇಲೆ ಬರುವುದು ಆಗ, ಅರ್ಧ ಗಂಟೆ ಕಳೆದ ಮೇಲೆ. ಅಲ್ಲಿಯವರೆಗೆ ನಾವು ನೋಡಿದ್ದು ಪ್ರೇಮಕಥೆ. ಅವನ ವ್ಯಾಪಾರ ಹೆಂಗಸರ ಮಾಂಸದ್ದು. ದುಡ್ಡಿರುವ ಗಂಡಸರು ಅವನ ಗಿರಾಕಿಗಳು.

ಸರಕನ್ನು ಆರಿಸುವ ಹಾಗೆ ಮನುಷ್ಯರನ್ನು ಆರಿಸುವ ಬಗ್ಗೆ ಇದಕ್ಕಿಂತ ನೇರವಾದ ರೂಪಕ ಇರಲಾರದು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅದಲ್ಲ, ಬಿಡುಗಡೆಯ ಭಾಗ. ನೀಲಿಗಡ್ಡದವನ ಹೆಂಡತಿಗೂ ಹುಲಿಯ ಹೆಂಡತಿಗೂ ಅಣ್ಣತಮ್ಮಂದಿರು ಬಂದರು. ಇಲ್ಲೂ ಒಬ್ಬ ಗಂಡಸು ಬರುತ್ತಾನೆ. ಮಾಲಿಯ ಪರಿಚಯದ ಬಾರ್ ಕೆಲಸಗಾರ ಪಾಲ್ ಆ ಮನೆಯ ಹತ್ತಿರದವರೆಗೂ ಕಾರು ಓಡಿಸಿಕೊಂಡು ಬಂದು, ಗುಂಡಿನ ಸದ್ದು ಕೇಳಿ ಕಾರು ತಿರುಗಿಸಿಕೊಂಡು ಹೊರಟುಹೋಗುತ್ತಾನೆ. ನೋವಾ ತಪ್ಪಿಸಿಕೊಳ್ಳುವುದು ತನ್ನನ್ನು ಸಿಕ್ಕಿಸಿದ ಗುಣವನ್ನೇ ಆಯುಧ ಮಾಡಿಕೊಂಡು. ನಗುತ್ತಾಳೆ, ಮೆಚ್ಚಿದವಳಂತೆ ಮಾತಾಡುತ್ತಾಳೆ, ಅವನ ಜೊತೆ ಕೂತು ಉಣ್ಣುತ್ತಾಳೆ. ಚಾಡ್‌ನ ಮುಂದೆ ಸುಮ್ಮನೆ ನಕ್ಕ ಹುಡುಗಿ ಈಗ ಲೆಕ್ಕ ಹಾಕಿ ನಗುತ್ತಿದ್ದಾಳೆ. ಕೊನೆಗೆ ಅವಳ ಜೊತೆ ನಿಲ್ಲುವವರು ಅದೇ ಮನೆಯಲ್ಲಿ ಸೆರೆಯಾದ ಹೆಂಗಸರು. ಆದರೆ ಸ್ಟೀವ್‌ಗೆ ನೆರವಾಗುವ ಹೆಂಡತಿಯೂ ಹೆಂಗಸೇ, ಅವಳಿಗೂ ಒಂದು ಕಾಲಿಲ್ಲ. ಹೆಂಗಸರೆಲ್ಲ ಒಂದೇ ಎಂಬ ಸುಲಭದ ಸಮಾಧಾನವನ್ನು ಸಿನಿಮಾ ಕೊಡುವುದಿಲ್ಲ.

ಹುಷಾರಾಗಿರಲು ಹೇಳುವ ಮಾತುಗಳು ನಮಗೆಲ್ಲ ಬಾಯಿಪಾಠ: ಜನ ಇರುವ ಜಾಗದಲ್ಲೇ ಭೇಟಿಯಾಗು, ಫೋನ್ ಕೈಯಲ್ಲಿರಲಿ, ಲೊಕೇಶನ್ ಶೇರ್ ಮಾಡು. ಕ್ರಿಸ್ಟೋಫರ್ ಲ್ಯಾಂಡನ್ ಅವರ 'ಡ್ರಾಪ್' (2025) ಈ ಮಾತುಗಳನ್ನೇ ಹಿಡಿದು ತಲೆಕೆಳಗು ಮಾಡುತ್ತದೆ. ಹಿಂಸಿಸುತ್ತಿದ್ದ ಗಂಡ ಸತ್ತ ಮೇಲೆ ಮೊದಲ ಸಲ ಡೇಟಿಗೆ ಬಂದ ವಯಲೆಟ್, ಶಿಕಾಗೋದ ಎತ್ತರದ ಕಟ್ಟಡದ ತುಂಬಿದ ರೆಸ್ಟೋರೆಂಟಿನಲ್ಲಿ ಕೂತಿದ್ದಾಳೆ. ಅಕ್ಕಪಕ್ಕದಲ್ಲೇ ಕೂತ ಯಾರೋ ಅವಳ ಫೋನಿಗೆ ಸಂದೇಶ ಕಳಿಸುತ್ತಾರೆ: ಎದುರಿಗಿರುವವನನ್ನು ಕೊಲ್ಲು, ಇಲ್ಲದಿದ್ದರೆ ಮನೆಯಲ್ಲಿರುವ ನಿನ್ನ ಮಗ ಉಳಿಯುವುದಿಲ್ಲ. ಸುತ್ತ ಅಷ್ಟು ಜನ, ಬಾಯಿ ಬಿಡುವ ಹಾಗಿಲ್ಲ. ಮತ್ತೆ ಮತ್ತೆ ಫೋನ್ ನೋಡುವ ಅವಳು ಎದುರಿನವನ ಕಣ್ಣಿಗೆ ಮರ್ಯಾದೆ ಗೊತ್ತಿಲ್ಲದವಳು. ಇಲ್ಲಿ ಡೇಟಿಗೆ ಬಂದ ಗಂಡಸು ನಿಜಕ್ಕೂ ಒಳ್ಳೆಯವನು, ಅದೇ ಅವಳಿಗೆ ಹೆಚ್ಚಿನ ಸಂಕಟ. ಕೊನೆಯ ಭಾಗ ಹೊಡೆದಾಟಕ್ಕೆ ಇಳಿದು ಸ್ವಲ್ಪ ಸಡಿಲವಾಗುತ್ತದೆ, ಆದರೆ ಮೇಜಿನ ಮುಂದಿನ ಆ ಒಂದು ಗಂಟೆ ಗಟ್ಟಿಯಾಗಿದೆ.

ಇಲ್ಲಿ ನಮ್ಮೂರಿನ ಒಂದು ಮಾತು ಸೇರಿಸಬೇಕು. ಅಮೆರಿಕದ ಸಿನಿಮಾಗಳಲ್ಲಿ ಹುಡುಗಿ ಎಲ್ಲಿಗೆ ಹೋಗಿದ್ದಾಳೆಂದು ಗೆಳತಿಗೆ ಗೊತ್ತಿರುತ್ತದೆ, ಕೆಲವೊಮ್ಮೆ ಅಮ್ಮನಿಗೂ. ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಬಂದು ಬೆಂಗಳೂರಿನ ಪಿಜಿಯಲ್ಲಿರುವ ಹುಡುಗಿ ಡೇಟಿಗೆ ಹೋಗುವಾಗ ಮನೆಗೆ ಫೋನ್ ಮಾಡಿ ಆಫೀಸಿನಲ್ಲಿ ಕೆಲಸವಿದೆ ಎನ್ನುತ್ತಾಳೆ. ಏನಾದರೂ ಆದರೆ ಮೊದಲು ಹೇಳಬೇಕಾಗುವುದು ತಾನು ಸುಳ್ಳು ಹೇಳಿದ್ದೆ ಎಂಬುದನ್ನು. ಕೆಟ್ಟವನಿಗೆ ಇದು ಚೆನ್ನಾಗಿ ಗೊತ್ತು. 'ನಿಮ್ಮ ಮನೆಯವರಿಗೆ ಹೇಳ್ತೀನಿ' ಎಂಬ ಒಂದೇ ಮಾತು ಅವನಿಗೆ ಸಾಕು, ಚಾಕು ಬೇಡ. ಗಂಡಸರನ್ನೇ ಇಷ್ಟಪಡುವ ಗಂಡಸರಿಗೆ ಈ ಬೆದರಿಕೆ ಇನ್ನೂ ಹರಿತ. ಆ್ಯಪ್‌ನಲ್ಲಿ ಕರೆಸಿಕೊಂಡು, ವಿಡಿಯೊ ಮಾಡಿ, ದುಡ್ಡು ಕೀಳುವ ಪ್ರಕರಣಗಳು ನಮ್ಮ ದೇಶದ ಊರೂರಿನಲ್ಲೂ ಪೊಲೀಸ್ ಠಾಣೆ ತಲುಪಿವೆ, ತಲುಪದವು ಅದಕ್ಕಿಂತ ಹೆಚ್ಚೇ ಇರಬೇಕು. ಈ ಗುಟ್ಟಿನ ಭಯವನ್ನು ಒಬ್ಬ ಕನ್ನಡ ನಿರ್ದೇಶಕ ಅಥವಾ ನಿರ್ದೇಶಕಿ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಮನಸಾರೆ ಆಸೆ. ಅದಕ್ಕೆ ಹಾಳು ಬಂಗಲೆ ಬೇಕಿಲ್ಲ, ಪಿಜಿಯ ಒಂದು ಮಂಚ ಸಾಕು.

ಇಷ್ಟು ಹೊತ್ತು ಅಪರಿಚಿತನ ಬಗ್ಗೆ ಮಾತಾಡಿದೆ. ಆದರೆ ಲೆಕ್ಕ ಬೇರೆ ಹೇಳುತ್ತದೆ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 85,000 ಹೆಂಗಸರು ಮತ್ತು ಹುಡುಗಿಯರು ಕೊಲೆಯಾದರು. ಅವರಲ್ಲಿ ಸುಮಾರು 51,100 ಮಂದಿಯನ್ನು ಕೊಂದದ್ದು ಸಂಗಾತಿ ಅಥವಾ ಮನೆಯವರು. ಹಾಗಾಗಿ ಮೊದಲ ಭೇಟಿಯ ಭಯವಷ್ಟೇ ತೋರಿಸುವ ಸಿನಿಮಾ ಅರ್ಧ ಸತ್ಯ ಹೇಳಿದಂತೆ. ಉಳಿದರ್ಧವನ್ನು ಹೇಳಿದ್ದು ಲೀ ವಾನೆಲ್ ಅವರ 'ದಿ ಇನ್ವಿಸಿಬಲ್ ಮ್ಯಾನ್' (2020). ಸೆಸಿಲಿಯಾ ನಡುರಾತ್ರಿ ಸಂಗಾತಿಯ ಮನೆಯಿಂದ ಓಡಿಹೋಗುತ್ತಾಳೆ. ಅವನು ಸತ್ತನೆಂದು ಸುದ್ದಿ ಬರುತ್ತದೆ. ಅವನು ಸತ್ತಿಲ್ಲ, ಕಾಣದ ಹಾಗೆ ತಾನೀಗ ಇರುವ ಮನೆಯಲ್ಲೇ ಇದ್ದಾನೆ ಎಂದು ಅವಳಿಗೆ ಗೊತ್ತು, ಉಳಿದವರಿಗೆ ಅವಳು ಹುಚ್ಚಿ. ಕ್ಯಾಮೆರಾ ಅವಳಿಂದ ಸರಿದು ಖಾಲಿ ಮೂಲೆಯೊಂದನ್ನು ಸುಮ್ಮನೆ ನೋಡುತ್ತಾ ನಿಲ್ಲುತ್ತದೆ. ಅಲ್ಲಿ ಏನೂ ಇಲ್ಲ, ಆದರೂ ನಾವು ಹುಡುಕುತ್ತೇವೆ. ಹಿಂಸೆಯಿಂದ ಹೊರಬಂದವರು ಖಾಲಿ ಕೋಣೆಯನ್ನು ನೋಡುವುದೇ ಹಾಗೆ. ಅವಳ ಹೆಸರಿನಲ್ಲಿ ಒಂದು ಈಮೇಲ್ ಹೋಗಿ ತಂಗಿಯೂ ದೂರವಾಗುತ್ತಾಳೆ. ಕೊಲ್ಲುವ ಮೊದಲು ಒಂಟಿ ಮಾಡುವುದು, ಒಂಟಿ ಮಾಡಲು ಮೊದಲು ಅವಳ ಮಾತಿನ ಮೇಲಿನ ನಂಬಿಕೆ ಕೆಡಿಸುವುದು. ಕ್ರಮ ಅದೇ.

ಡ್ರೂ ಹ್ಯಾನ್‌ಕಾಕ್ ಅವರ 'ಕಂಪ್ಯಾನಿಯನ್' (2025) ಇದನ್ನೇ ಇನ್ನೊಂದು ತುದಿಯಿಂದ ಹೇಳುತ್ತದೆ. ಜಾಶ್‌ನ ಗೆಳತಿ ಐರಿಸ್ ಒಂದು ಯಂತ್ರ, ಅದು ಅವಳಿಗೇ ಗೊತ್ತಿಲ್ಲ. ಅವಳಿಗೆ ಎಷ್ಟು ಬುದ್ಧಿ ಇರಬೇಕೆಂದು ಅವನು ಫೋನಿನಲ್ಲಿ ಬೆರಳು ಜಾರಿಸಿ ನಿಗದಿ ಮಾಡಿದ್ದಾನೆ. ಅವರಿಬ್ಬರು ಸೂಪರ್ ಮಾರ್ಕೆಟ್‌ನಲ್ಲಿ ಕಿತ್ತಳೆ ಹಣ್ಣು ಉರುಳಿದಾಗ ಮೊದಲು ಭೇಟಿಯಾದ ಸಿಹಿ ನೆನಪೂ ಹಾಕಿಕೊಟ್ಟದ್ದು. ಜಾಶ್ ಮೊದಮೊದಲು ಕೂಗಾಡುವುದಿಲ್ಲ, ಹೊಡೆಯುವುದಿಲ್ಲ. ತಾನು ಒಳ್ಳೆಯವನು, ಜಗತ್ತು ತನಗೆ ಅನ್ಯಾಯ ಮಾಡಿದೆ ಎಂದು ಮನಸಾರೆ ನಂಬಿದ್ದಾನೆ. ಈ ಬಗೆಯ ಮನುಷ್ಯ ಬೆಳ್ಳಿತೆರೆಯಲ್ಲಿ ಹೊಸಬ, ಹೊರಗಲ್ಲ.

ಇಷ್ಟೆಲ್ಲ ಕಟ್ಟುಕಥೆಯ ಅತಿರೇಕ ಅನ್ನಿಸಿದರೆ, ಆ್ಯನಾ ಕೆಂಡ್ರಿಕ್ ತಾವೇ ನಟಿಸಿ ನಿರ್ದೇಶಿಸಿದ 'ವುಮನ್ ಆಫ್ ದಿ ಅವರ್' (2023) ನೋಡಬೇಕು. ರಾಡ್ನಿ ಅಲ್ಕಾಲಾ ಎಂಬ ಸರಣಿ ಕೊಲೆಗಾರ 1978ರಲ್ಲಿ ಅಮೆರಿಕದ 'ದಿ ಡೇಟಿಂಗ್ ಗೇಮ್' ಟಿವಿ ಕಾರ್ಯಕ್ರಮದಲ್ಲಿ ವರನಂತೆ ಕೂತು ಗೆದ್ದ. ಎಂಟು ವರ್ಷದ ಮಗುವಿನ ಮೇಲಿನ ದೌರ್ಜನ್ಯಕ್ಕೆ 1972ರಲ್ಲೇ ಶಿಕ್ಷೆಯಾಗಿದ್ದವನು, ಅಷ್ಟರಲ್ಲಿ ಕೊಲೆಗಳನ್ನೂ ಮಾಡಿದ್ದವನು. ಟಿವಿ ಕ್ಯಾಮೆರಾ ಮುಂದೆ ಕೂರಲು ಅದ್ಯಾವುದೂ ಅಡ್ಡಿಯಾಗಲಿಲ್ಲ. ಅವನನ್ನು ಆರಿಸಿದ ಹೆಂಗಸು ಆಮೇಲೆ ಅವನ ಜೊತೆ ಹೋಗಲು ಒಪ್ಪಲಿಲ್ಲ. ಕೆಂಡ್ರಿಕ್ ಆ ನಿರಾಕರಣೆಯನ್ನು ಹಿಗ್ಗಿಸಿ, ರಾತ್ರಿ ಪಾರ್ಕಿಂಗ್ ಜಾಗದಲ್ಲಿ ಅವಳು ಕಾರಿನವರೆಗೆ ನಡೆಯುವ ದೃಶ್ಯ ಮಾಡಿದ್ದಾರೆ. ಹಿಂದೆ ಅವನ ಹೆಜ್ಜೆ. ಓಡಿದರೆ ಕೆಣಕಿದ ಹಾಗೆ, ನಿಂತರೆ ಕರೆದ ಹಾಗೆ. ಒಂದು ಹನಿ ರಕ್ತವಿಲ್ಲದ ಆ ದೃಶ್ಯ ಈ ಬಗೆಯ ಸಿನಿಮಾ ಮುಟ್ಟಬಹುದಾದ ಎತ್ತರ.

ಇಂಥ ಸಿನಿಮಾಗಳು ಹೆಂಗಸರನ್ನು ಇನ್ನಷ್ಟು ಹೆದರಿಸಿ ಮನೆಯೊಳಗೇ ಕೂರಿಸುತ್ತವೆ ಎಂಬ ಆಕ್ಷೇಪವಿದೆ. ಕೆಲವು ಸಿನಿಮಾಗಳಿಗೆ ಇದು ಸಲ್ಲುತ್ತದೆ. 'ಕ್ಯಾಟ್ ಪರ್ಸನ್' ಎಂಬ ಸಣ್ಣಕಥೆ 2017ರಲ್ಲಿ ಅಮೆರಿಕದ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬಂದಾಗ ಲಕ್ಷಾಂತರ ಜನ ಓದಿದರು. ಅದರಲ್ಲಿ ಕೊಲೆಯಿಲ್ಲ. ಬೇಡ ಎನ್ನುವುದು ಕಷ್ಟವೆಂದು ಒಪ್ಪಿಕೊಂಡ ಒಂದು ರಾತ್ರಿಯಿದೆ, ಕೊನೆಗೆ ಅವನಿಂದ ಬಂದ ಒಂದು ಬೈಗುಳದ ಮೆಸೇಜ್ ಇದೆ, ಅಷ್ಟೇ. 2023ರ ಸಿನಿಮಾ ರೂಪ ಅದಕ್ಕೆ ಹೊಡೆದಾಟ, ಬೆಂಕಿ ಎಲ್ಲ ಸೇರಿಸಿ, ಕಥೆಯ ಧೈರ್ಯವನ್ನೇ ಕಳೆದುಕೊಂಡಿತು. ಸಣ್ಣ ಅವಮಾನವೇ ಸಾಕಷ್ಟು ಭಯಾನಕ ಎಂಬುದನ್ನು ಅದು ನಂಬಲಿಲ್ಲ. ಆದರೆ 'ಬಾರ್ಬೇರಿಯನ್' ವಿಷಯದಲ್ಲಿ ಈ ಆಕ್ಷೇಪ ನಾನು ಒಪ್ಪುವುದಿಲ್ಲ. ಅಲ್ಲಿ ಟೆಸ್ ಅನುಮಾನಪಟ್ಟ ಗಂಡಸು ಕೆಟ್ಟವನಲ್ಲ, ಕೇಡು ನೆಲಮಾಳಿಗೆಯಲ್ಲಿ ಬೇರೆಯೇ ಇತ್ತು. ಅತ್ಯಾಚಾರದ ಆರೋಪ ಹೊತ್ತ ನಟ ಎಜೆ, ಆ ಮನೆಯ ಮಾಲೀಕ, ಆಮೇಲೆ ಅಲ್ಲಿಗೆ ಬರುತ್ತಾನೆ. ಟೆಸ್ ನಡುಗಿದ ಅದೇ ಕತ್ತಲ ಸುರಂಗ ಕಂಡು ಅವನು ಅಳತೆಯ ಟೇಪ್ ತರುತ್ತಾನೆ: ಮನೆಯ ಚದರಡಿ ಹೆಚ್ಚಾದರೆ ಮಾರುವಾಗ ಬೆಲೆ ಹೆಚ್ಚು. ಭಯಪಡಬೇಕು ಎಂದು ಬದುಕು ಒಮ್ಮೆಯೂ ಕಲಿಸದ ಮನುಷ್ಯ ಅವನು.

ನೋಡಬೇಕೆನ್ನುವವರು 'ಬಾರ್ಬೇರಿಯನ್'ನಿಂದ ಶುರು ಮಾಡಿ 'ಫ್ರೆಶ್'ಗೆ ಬರುವುದು ಒಳ್ಳೆಯದು. ರಕ್ತ ಆಗದವರಿಗೆ 'ಡ್ರಾಪ್' ಸಾಕು. 'ಆಡಿಷನ್'ನ ಕೊನೆಯ ಭಾಗ ಗಟ್ಟಿ ಎದೆಯವರಿಗೂ ಕಷ್ಟ, ರಾತ್ರಿ ಒಬ್ಬರೇ ಕೂತು ನೋಡುವಂಥದ್ದಲ್ಲ. ಇಂಥ ಹಿಂಸೆಯನ್ನು ಬದುಕಿನಲ್ಲೇ ಕಂಡವರಿಗೆ 'ದಿ ಇನ್ವಿಸಿಬಲ್ ಮ್ಯಾನ್' ಮತ್ತು 'ವುಮನ್ ಆಫ್ ದಿ ಅವರ್' ಹಳೆಯ ಗಾಯ ಕೆದಕಬಹುದು. ಅವರು ಈ ಎರಡನ್ನೂ ನೋಡಲೇಬೇಕೆಂದೇನಿಲ್ಲ. ನೋಡುವುದಾದರೆ ನಂಬುವವರೊಬ್ಬರು ಪಕ್ಕದಲ್ಲಿರಲಿ, ಬೇಡವೆನ್ನಿಸಿದ ಕಡೆ ನಿಲ್ಲಿಸಲು ಸಂಕೋಚ ಬೇಡ.